ಸ್ಕ್ಯಾನ್ ಚೀಟಿಯನ್ನು ಸರಿಮಾಡಲು ಹೊರಟಾಗ

ನಾನು ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್. ಎಕ್ಸ್‌ರೇ, ಅಲ್ಟ್ರಾಸೌಂಡ್, ಸಿಟಿ, ಎಂಆರ್‌ಐ ನೋಡಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ರೋಗಿಗಿಂತ ಮೊದಲು ನನ್ನ ಟೇಬಲ್ಲಿಗೆ ಒಂದು ಚೀಟಿ ಬರುತ್ತದೆ. ವಾರ್ಡಿನಿಂದ, ಓಪಿಡಿಯಿಂದ, ಕ್ಯಾಜುವಾಲಿಟಿಯಿಂದ. ವರ್ಷಗಟ್ಟಲೆ ನಾನು ನೋಡಿದ ಚೀಟಿಗಳಲ್ಲಿ ಹೆಚ್ಚಿನವು ಒಂದೇ ಥರ ಇದ್ದವು. ಮೇಲೆ ಹೆಸರು, ವಯಸ್ಸು. ನಡುವೆ ‘ಸಿಟಿ ಅಬ್ಡಮನ್’, ಅಂದರೆ ಹೊಟ್ಟೆಯ ಸಿಟಿ. ಕೆಳಗೆ ಓದಲಾಗದ ಒಂದು ಸಹಿ. ಏನು ತೊಂದರೆ, ಎಷ್ಟು ದಿನದಿಂದ, ಡಾಕ್ಟರ್ ಏನು ಅನುಮಾನ ಪಡುತ್ತಿದ್ದಾರೆ, ಇದ್ಯಾವುದೂ ಇರುತ್ತಿರಲಿಲ್ಲ. ಈ ಚೀಟಿಯನ್ನು ಸರಿಮಾಡಲು ನಾವು ಕೆಲವರು ಸೇರಿ ಮಾಡಿದ ಪ್ರಯತ್ನದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಊರಿನ ಆಸ್ಪತ್ರೆಗಳಲ್ಲಿ ಇರುವವರಿಗೂ, ಸ್ಕ್ಯಾನ್ ಮಾಡಿಸಲು ಹೋಗುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಮಷಿನ್‌ನೊಳಗೆ ಮಲಗಿಸಿದರೆ ಸಾಕು, ಒಳಗಿರುವುದೆಲ್ಲ ಕಾಣುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಎಷ್ಟೋ ಡಾಕ್ಟರುಗಳೂ ಹಾಗೇ ಅಂದುಕೊಂಡಿರುತ್ತಾರೆ. ಆದರೆ ಏನು ಹುಡುಕುತ್ತಿದ್ದೇವೆ ಎನ್ನುವುದರ ಮೇಲೆ ಮಷಿನ್ ಓಡಿಸುವ ರೀತಿಯೇ ಬದಲಾಗುತ್ತದೆ. ಹೊಟ್ಟೆಯ ಸಿಟಿಯನ್ನೇ ನೋಡಿ. ನಮ್ಮ ಕಡೆ ಬಿಸಿಲು ಜಾಸ್ತಿ, ಹೊಲದಲ್ಲಿ ದುಡಿಯುವವರು ನೀರು ಕುಡಿಯುವುದು ಕಡಿಮೆ. ಕಿಡ್ನಿಯಲ್ಲಿ ಕಲ್ಲು ಅಂತ ಬರುವವರು ಬಹಳ. ಕಲ್ಲು ಹುಡುಕುವುದಾದರೆ ಔಷಧ ಕೊಡದೆ ತೆಗೆಯುವ ಪ್ಲೇನ್ ಸಿಟಿ ಸಾಕು, ಅದೂ ಕಡಿಮೆ ವಿಕಿರಣದ ಡೋಸಿನಲ್ಲಿ. ಒಳಗಿನದು ಎದ್ದು ಕಾಣಲೆಂದು ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧ ಕೊಟ್ಟರೆ ಅದು ಕಿಡ್ನಿಯಿಂದ ಇಳಿಯುವಾಗ ಬೆಳ್ಳಗೆ ಕಾಣುತ್ತದೆ. ಕಲ್ಲೂ ಬೆಳ್ಳಗೆ. ಸಣ್ಣ ಕಲ್ಲು ಅದರಲ್ಲಿ ಮುಚ್ಚಿಹೋಗುತ್ತದೆ. ಅದೇ ಅಪೆಂಡಿಕ್ಸ್ ಅನುಮಾನ ಇದ್ದರೆ ಕಾಂಟ್ರಾಸ್ಟ್ ಬೇಕು, ಔಷಧ ಹೋದ ಮೇಲೆ ಸುಮಾರು 70 ಸೆಕೆಂಡಿಗೆ ಒಂದು ಸಲ ಚಿತ್ರ ತೆಗೆದರೆ ಆಯಿತು. ಲಿವರಿನಲ್ಲಿ ಗಡ್ಡೆ ಇದೆಯೇ ಎಂದು ನೋಡಬೇಕಾದರೆ ಅಷ್ಟು ಸಾಲದು. 35 ಸೆಕೆಂಡಿನ ಸುಮಾರಿಗೆ ಒಮ್ಮೆ, 70ಕ್ಕೆ ಒಮ್ಮೆ, ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ತೆಗೆಯಬೇಕು. ಕೆಲವು ಗಡ್ಡೆಗಳು ಮೊದಲನೇ ಸುತ್ತಿನಲ್ಲಿ ಮಾತ್ರ ಹೊಳೆದು, ಆಮೇಲೆ ಸುತ್ತಲಿನ ಲಿವರಿನ ಬಣ್ಣಕ್ಕೇ ಸೇರಿಬಿಡುತ್ತವೆ. ಎದೆಯ ಸಿಟಿಯಲ್ಲೂ ಅಷ್ಟೇ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆಯಾ ಎಂದು ನೋಡಲು ಔಷಧ ಸರಿಯಾಗಿ ಆ ನಾಳದಲ್ಲಿ ಇರುವ ಕ್ಷಣಕ್ಕೇ ಚಿತ್ರ ತೆಗೆಯಬೇಕು. ಆ ಕ್ಷಣ ತಪ್ಪಿದರೆ ಚಿತ್ರ ಚೆಂದ ಬಂದಿರುತ್ತದೆ, ಹೆಪ್ಪು ಮಾತ್ರ ಕಾಣುವುದಿಲ್ಲ. ಬರೀ ‘ಸಿಟಿ ಅಬ್ಡಮನ್’ ಅಂತ ಬರೆದು ಕಳಿಸುವುದು, ಬಸ್ ಹತ್ತಿ ಊರಿನ ಹೆಸರು ಹೇಳದೆ ಒಂದು ಟಿಕೆಟ್ ಕೊಡಿ ಎಂದ ಹಾಗೆ.

ಎಕ್ಸ್‌ರೇ ಸರಳ ಅನ್ನಿಸುತ್ತದೆ, ಅಲ್ವಾ? ಅಲ್ಲೂ ಇದೇ ಕಥೆ. ಬೈಕಿನಿಂದ ಬಿದ್ದ ಹುಡುಗ ಅಂಗೈ ಊರಿ ಬಿದ್ದಿರುತ್ತಾನೆ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರ ನೋವು. ಚೀಟಿಯಲ್ಲಿ ‘ಎಕ್ಸ್‌ರೇ ರಿಸ್ಟ್’ ಅಂತ ಮಾತ್ರ ಇದ್ದರೆ ಟೆಕ್ನಿಷಿಯನ್ ಮಾಮೂಲಿ ಎರಡು ಚಿತ್ರ ತೆಗೆಯುತ್ತಾರೆ. ಆ ಜಾಗದಲ್ಲಿ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆ ಇದೆ. ಅದರ ಬಿರುಕು ಮಾಮೂಲಿ ಚಿತ್ರದಲ್ಲಿ ತಪ್ಪಿಹೋಗುವುದುಂಟು. ಅದಕ್ಕೆಂದೇ ಕೈಯನ್ನು ಕಿರುಬೆರಳಿನ ಕಡೆಗೆ ವಾಲಿಸಿ ತೆಗೆಯುವ ಬೇರೆ ಚಿತ್ರವಿದೆ. ‘ಅಂಗೈ ಊರಿ ಬಿದ್ದ, ಹೆಬ್ಬೆರಳ ಬುಡದಲ್ಲಿ ಒತ್ತಿದರೆ ನೋವು’ ಎಂದು ಒಂದು ಸಾಲು ಬರೆದಿದ್ದರೆ ನಮ್ಮ ಟೆಕ್ನಿಷಿಯನ್‌ಗಳು ಯಾರನ್ನೂ ಕೇಳದೆ ಆ ಚಿತ್ರ ತೆಗೆಯುತ್ತಾರೆ. ಈ ಮೂಳೆಗೆ ರಕ್ತ ಓಡಾಟ ಕಡಿಮೆ. ಬಿರುಕು ತಪ್ಪಿಹೋದರೆ ಕೂಡಿಕೊಳ್ಳದೆ ಹಾಗೇ ಉಳಿದುಬಿಡಬಹುದು. ದುಡಿದು ತಿನ್ನುವ ಹುಡುಗನ ಬಲಗೈ ಅದು.

ನಾವು ಮೊದಲು ಮಾಡಿದ್ದು ಚೀಟಿಗಳನ್ನು ಎಸೆಯದೆ ಕೂಡಿಡುವುದು. ನಮ್ಮ ಹಿರಿಯ ಟೆಕ್ನಿಷಿಯನ್ ಒಂದು ರಟ್ಟಿನ ಪೆಟ್ಟಿಗೆ ಇಟ್ಟರು. ಸಿಟಿ, ಎಂಆರ್‌ಐ, ಎಕ್ಸ್‌ರೇ ಎಲ್ಲದರ ಚೀಟಿಗಳು ಅದರಲ್ಲಿ ಬಿದ್ದವು. ಆಮೇಲೆ ಸಂಜೆ ಹೊತ್ತು ಕೂತು ಒಂದೊಂದನ್ನೇ ತೆಗೆದು ನೋಡಿದೆವು. ತೊಂದರೆ ಏನೆಂದು ಬರೆದಿದ್ದಾರಾ? ಎಡ ಬಲ ಹೇಳಿದ್ದಾರಾ? ಏನು ಹುಡುಕಬೇಕು ಎಂದು ಕೇಳಿದ್ದಾರಾ? ಹಳೆಯ ಸ್ಕ್ಯಾನ್ ಇದೆಯಾ? ಕಾಂಟ್ರಾಸ್ಟ್ ಬೇಕಾದವರಿಗೆ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತ ಪರೀಕ್ಷೆ) ಎಷ್ಟು? ಹೆಣ್ಣುಮಕ್ಕಳಾದರೆ ಕೊನೆಯ ಮುಟ್ಟಿನ ದಿನ? ಬರೆದ ಡಾಕ್ಟರ್ ಯಾರು, ಅವರನ್ನು ಹಿಡಿಯುವುದು ಹೇಗೆ? ಎಲ್ಲವೂ ಇದ್ದ ಚೀಟಿ ಹುಡುಕುವುದೇ ಕಷ್ಟವಾಯಿತು. ಎಷ್ಟೋ ಮೊಣಕಾಲಿನ ಚೀಟಿಗಳಲ್ಲಿ ಯಾವ ಕಾಲು ಎನ್ನುವುದೇ ಇರಲಿಲ್ಲ. "ಯಾವ ಕಾಲು ಯಜ್ಜಾ?" ಎಂದು ಟೆಕ್ನಿಷಿಯನ್ ರೋಗಿಯನ್ನೇ ಕೇಳಬೇಕು. ಪ್ರಜ್ಞೆ ಇಲ್ಲದವರನ್ನು, ಮಾತು ಬಾರದ ಮಕ್ಕಳನ್ನು ಯಾರನ್ನು ಕೇಳೋಣ?

ಆ ಪೆಟ್ಟಿಗೆಯಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಬಸುರಿಯರ ಸ್ಕ್ಯಾನ್ ಚೀಟಿಗಳು ಮಾತ್ರ ಚೆನ್ನಾಗಿ ತುಂಬಿದ್ದವು. ಕಾರಣ ಕಾನೂನು. ಹೊಟ್ಟೆಯಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ಪತ್ತೆಮಾಡುವುದನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಕೆಳಗೆ ಪ್ರತಿ ಬಸುರಿ ಸ್ಕ್ಯಾನಿಗೂ ಫಾರ್ಮ್ ಎಫ್ ತುಂಬಲೇಬೇಕು. ಯಾಕಾಗಿ ಸ್ಕ್ಯಾನ್, ಯಾರು ಕಳಿಸಿದರು ಎನ್ನುವುದು ಅದರಲ್ಲಿ ಬರುತ್ತದೆ. ಆ ದಾಖಲೆಗಳನ್ನು ಕಾಯ್ದಿಡಬೇಕು, ಅಧಿಕಾರಿಗಳು ಯಾವಾಗ ಬೇಕಾದರೂ ಬಂದು ನೋಡಬಹುದು. ಅಂದರೆ ಅದೇ ಡಾಕ್ಟರುಗಳು, ಅದೇ ಗಡಿಬಿಡಿ, ಆದರೂ ಬರೆಯಲು ಸಮಯ ಸಿಗುತ್ತದೆ. ಇದನ್ನು ನೋಡಿದ ಮೇಲೆ ಕೆಲಸ ಆಗುತ್ತದೆ ಎಂಬ ಧೈರ್ಯ ಬಂತು.

ಉಳಿದ ಚೀಟಿಗಳು ಯಾಕೆ ಹಾಗಿದ್ದವು ಎಂದು ತಿಳಿಯಲು ಬರೆಯುವವರನ್ನೇ ಕೇಳಿದೆವು. ದೊಡ್ಡ ಆಸ್ಪತ್ರೆಗಳಲ್ಲಿ ಚೀಟಿ ಬರೆಯುವುದು ಹೆಚ್ಚಾಗಿ ಹೌಸ್ ಸರ್ಜನ್‌ಗಳು. ಎಂಬಿಬಿಎಸ್ ಮುಗಿಸಿ ಒಂದು ವರ್ಷದ ಇಂಟರ್ನ್‌ಷಿಪ್‌ನಲ್ಲಿ ಇರುವ ಮಕ್ಕಳು. ರೌಂಡ್ಸ್‌ನಲ್ಲಿ ಸೀನಿಯರ್ ಡಾಕ್ಟರ್ ನಡೆಯುತ್ತಾ "ಇವರಿಗೆ ಒಂದು ಸಿಟಿ ಮಾಡಿಸು" ಅನ್ನುತ್ತಾರೆ. ಇವರು ನೋಟ್ ಮಾಡಿಕೊಂಡು ಮುಂದಿನ ಬೆಡ್ಡಿಗೆ ಓಡುತ್ತಾರೆ. ಯಾಕೆ ಎಂದು ಕೇಳುವ ಸಲಿಗೆ ಇರುವುದಿಲ್ಲ. ನಾನು ಫೋನ್ ಮಾಡಿ ಏನು ನೋಡಬೇಕಮ್ಮಾ ಎಂದರೆ "ಸರ್ ಹೇಳಿದ್ರು ಮೇಡಂ" ಎಂಬ ಉತ್ತರ. ಆ ಹುಡುಗಿಯ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ? ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಇನ್ನು ಕೆಲವು ಡಾಕ್ಟರುಗಳಿಗೆ ಮುಂದೆ ಕೇಸು ಗೀಸು ಆದರೆ ಎಂಬ ಭಯ, ಅದಕ್ಕೆ ಒಂದು ಸ್ಕ್ಯಾನ್ ಇರಲಿ ಅನ್ನುತ್ತಾರೆ. ರೋಗಿಗಳ ಒತ್ತಾಯವೂ ಉಂಟು. "ಒಂದ್ ಸಲ ಸ್ಕ್ಯಾನ್ ಮಾಡಿಬಿಡ್ರಿ, ಎಲ್ಲಾ ತಿಳದುಬಿಡತೈತಿ" ಎಂದು ಕೂತುಬಿಡುತ್ತಾರೆ. ಇನ್ನೊಂದು ಮಾತನ್ನೂ ಹೇಳಲೇಬೇಕು. ರೋಗಿಯನ್ನು ಸ್ಕ್ಯಾನಿಗೆ ಕಳಿಸಿದ್ದಕ್ಕೆ ಕಮಿಷನ್ ಕೊಡುವುದು, ತೆಗೆದುಕೊಳ್ಳುವುದು ಎರಡನ್ನೂ 2002ರ ವೈದ್ಯಕೀಯ ನೀತಿ ನಿಯಮಗಳು ನಿಷೇಧಿಸಿವೆ. ಅಂಥ ನಿಯಮ ಬರೆಯಬೇಕಾಗಿ ಬಂತು ಎಂದರೆ ಆ ರೋಗ ಎಷ್ಟು ಹಳೆಯದು ಎಂದು ತಿಳಿಯುತ್ತದೆ. ಅದನ್ನು ಯಾವ ಚೀಟಿಯಿಂದಲೂ ಸರಿಮಾಡಲು ಆಗುವುದಿಲ್ಲ. ಆದರೆ ಯಾಕೆ ಎಂದು ಬರೆಯಲೇಬೇಕಾದ ಜಾಗ ಇದ್ದರೆ, ಕಾರಣವಿಲ್ಲದ ಸ್ಕ್ಯಾನ್ ಕೇಳುವವರ ಕೈ ಸ್ವಲ್ಪವಾದರೂ ತಡೆಯುತ್ತದೆ.

ಹೊಸ ಚೀಟಿ ಮಾಡಲು ಎಲ್ಲ ವಿಭಾಗಗಳವರನ್ನೂ ಕರೆದೆವು. ಕರೆದ ಮೇಲೆ ಎಲ್ಲರೂ ಒಂದೊಂದು ಸಾಲು ಸೇರಿಸಿದರು. ಕರಡು ಎರಡೂ ಬದಿ ತುಂಬಿದ ಒಂದು ಪೂರ್ತಿ ಹಾಳೆಯಾಯಿತು. ಕ್ಯಾಜುವಾಲಿಟಿಯ ಮೆಡಿಕಲ್ ಆಫೀಸರ್ ಅದನ್ನು ನೋಡಿ, ರಾತ್ರಿ ಎರಡು ಗಂಟೆಗೆ ಆಕ್ಸಿಡೆಂಟ್ ಕೇಸ್ ಬಂದಾಗ ಇದನ್ನು ಯಾರು ತುಂಬುತ್ತಾರೆ ಎಂದು ಕೇಳಿದರು. ಅವರ ಮಾತು ಸರಿಯಿತ್ತು. ಹೊಡೆದು ಹೊಡೆದು ಅರ್ಧ ಹಾಳೆಗೆ ಇಳಿಸಿದೆವು. ಟಿಕ್ ಮಾಡುವ ಚೌಕಗಳನ್ನೂ ಆದಷ್ಟು ತೆಗೆದೆವು, ಯಾಕೆಂದರೆ ಚೌಕ ಕಂಡರೆ ಕೈ ತಾನಾಗಿ ಟಿಕ್ ಹಾಕುತ್ತದೆ, ತಲೆ ಯೋಚಿಸುವುದಿಲ್ಲ. ಉಳಿದದ್ದು ಇಷ್ಟು: ರೋಗಿಯ ಹೆಸರು, ನಂಬರು. ತೊಂದರೆ ಏನು, ಎಷ್ಟು ದಿನದಿಂದ, ಲಕ್ವ ಆದರೆ ಕೊನೆಯ ಸಲ ಚೆನ್ನಾಗಿದ್ದದ್ದು ಯಾವಾಗ. ಎಡವೋ ಬಲವೋ. ಈ ಸ್ಕ್ಯಾನಿನಿಂದ ಯಾವ ಪ್ರಶ್ನೆಗೆ ಉತ್ತರ ಬೇಕು. ಮೊದಲು ಮಾಡಿಸಿದ ಸ್ಕ್ಯಾನ್ ಇದೆಯಾ. ಬಸುರಿ ಇರಬಹುದಾ, ಕ್ರಿಯಾಟಿನಿನ್ ಎಷ್ಟು, ಕಾಂಟ್ರಾಸ್ಟ್‌ಗೆ ಹಿಂದೆ ಅಲರ್ಜಿ ಆಗಿತ್ತಾ, ಎಂಆರ್‌ಐ ಆದರೆ ಪೇಸ್‌ಮೇಕರ್ ಅಥವಾ ಮೈಯೊಳಗೆ ಲೋಹ ಇದೆಯಾ. ಕೊನೆಗೆ ಡಾಕ್ಟರ ಹೆಸರು, ಮೊಬೈಲ್ ನಂಬರು.

ಇಷ್ಟರಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಆ ಮೊಬೈಲ್ ನಂಬರಿನ ಸಾಲು. ಮೊದಲು ಕೆಲವರು ಕೊಡಲು ಒಪ್ಪಲಿಲ್ಲ. ಯಾವಾಗಲೂ ಫೋನ್ ಮಾಡುತ್ತೀರಿ ಎಂಬ ಗೊಣಗಾಟ. ಕೊಟ್ಟ ಮೇಲೆ ಎರಡು ಕಡೆಗೂ ಅನುಕೂಲವಾಯಿತು. ಸಿಟಿಯಲ್ಲಿ ತಲೆಯೊಳಗೆ ರಕ್ತ ಕಂಡರೆ ರಿಪೋರ್ಟ್ ಟೈಪ್ ಆಗುವವರೆಗೆ ಕಾಯಬೇಕಿಲ್ಲ, ತಕ್ಷಣ ಹೇಳಬಹುದು. ಚೀಟಿಯಲ್ಲಿ ಏನೋ ಹೊಂದುತ್ತಿಲ್ಲ ಅನ್ನಿಸಿದರೆ ರೋಗಿ ಟೇಬಲ್ ಮೇಲೆ ಇರುವಾಗಲೇ ಕೇಳಬಹುದು. ಎಷ್ಟೋ ಸಲ ಎರಡು ನಿಮಿಷ ಮಾತಾಡಿದಾಗ "ಹಾಗಾದ್ರೆ ಸಿಟಿ ಬೇಡ ಮೇಡಂ, ಅಲ್ಟ್ರಾಸೌಂಡ್ ಸಾಕು" ಎಂದು ಅವರೇ ಹೇಳಿದ್ದಾರೆ. ಕೆಲವು ಸಲ ಉಲ್ಟಾ ಆಗಿದೆ. ಎಕ್ಸ್‌ರೇ ಕೇಳಿದವರಿಗೆ ಇದರಲ್ಲಿ ಕಾಣುವುದಿಲ್ಲ, ನೇರ ಎಂಆರ್‌ಐ ಮಾಡಿಸಿ ಎಂದು ನಾನೇ ಹೇಳಿದ್ದೇನೆ.

ಚೀಟಿ ತುಂಬಿದರೆ ಆಗಲಿಲ್ಲ, ಸ್ಕ್ಯಾನ್ ಬೇಕೇ ಎನ್ನುವ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಹೊರದೇಶಗಳಲ್ಲಿ ಒಳ್ಳೆಯ ಕೆಲಸ ಆಗಿದೆ. ಬ್ರಿಟನ್ನಿನ ರೇಡಿಯಾಲಜಿಸ್ಟರ ಕಾಲೇಜು 1989ರಿಂದ ಯಾವ ತೊಂದರೆಗೆ ಯಾವ ಸ್ಕ್ಯಾನ್ ಎಂಬ ಕೈಪಿಡಿ ತರುತ್ತಿದೆ. ಅಮೆರಿಕದವರು 1993ರಲ್ಲಿ ಇಂಥದ್ದೇ ಕೆಲಸ ಶುರುಮಾಡಿದರು. ನಾವು ಅವುಗಳಿಂದ ನಮ್ಮ ಕ್ಯಾಜುವಾಲಿಟಿಗೆ ದಿನಾ ಬೇಕಾಗುವ ಕೆಲವನ್ನು ಆರಿಸಿ ಕಾರ್ಡುಗಳಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಅದರಲ್ಲಿ ತಲೆಪೆಟ್ಟಿನದು ದೊಡ್ಡದು. 2001ರಲ್ಲಿ ಕೆನಡಾದ ವೈದ್ಯರು ಕೊಟ್ಟ ನಿಯಮ ಅದು. ಪೆಟ್ಟು ಬಿದ್ದು ಸ್ವಲ್ಪ ಹೊತ್ತು ಪ್ರಜ್ಞೆ ತಪ್ಪಿದ, ಅಥವಾ ನಡೆದದ್ದು ನೆನಪಿಲ್ಲದ, ಅಥವಾ ಗಲಿಬಿಲಿಗೊಂಡ, ಆದರೆ ಈಗ ಮಾತಾಡುತ್ತಿರುವ ದೊಡ್ಡವರಿಗೆ ಇದು ಅನ್ವಯ. ಎರಡು ತಾಸಾದರೂ ಪೂರ್ತಿ ಎಚ್ಚರಕ್ಕೆ ಬರದಿದ್ದರೆ, ಬುರುಡೆ ಒಡೆದ ಅನುಮಾನ ಇದ್ದರೆ, ಕಣ್ಣ ಸುತ್ತ ಕಪ್ಪಾಗಿದ್ದರೆ ಅಥವಾ ಕಿವಿ ಮೂಗಿನಿಂದ ನೀರು ಸೋರುತ್ತಿದ್ದರೆ, ಎರಡು ಸಲ ಅಥವಾ ಜಾಸ್ತಿ ವಾಂತಿಯಾದರೆ, ವಯಸ್ಸು 65 ಅಥವಾ ಜಾಸ್ತಿ ಇದ್ದರೆ ಸಿಟಿ ಮಾಡಲೇಬೇಕು. ಪೆಟ್ಟು ಬೀಳುವುದಕ್ಕೆ ಮುಂಚಿನ ಅರ್ಧ ಗಂಟೆ ನೆನಪಿಲ್ಲದಿದ್ದರೆ, ಅಪಘಾತ ಜೋರಾಗಿದ್ದರೆ ಆಗಲೂ ಮಾಡಬೇಕು. ಮೂರು ಅಡಿಗಿಂತ ಎತ್ತರದಿಂದ ಬಿದ್ದರೂ ಅದು ಜೋರಾದ ಅಪಘಾತವೇ. ನಮ್ಮ ಕಾರ್ಡಿನಲ್ಲಿ ಇದರ ಪಕ್ಕಕ್ಕೆ ‘ಟ್ರ್ಯಾಕ್ಟರ್ ಟ್ರಾಲಿಯಿಂದ, ಹತ್ತಿ ಲೋಡಿನ ಮೇಲಿಂದ ಬಿದ್ದವರು’ ಎಂದು ಬರೆದೆವು. ನಮ್ಮ ರಸ್ತೆಗಳಲ್ಲಿ ಬೀಳುವುದು ಹಾಗೇ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗೆ, ಫಿಟ್ಸ್ ಬಂದವರಿಗೆ ಈ ನಿಯಮ ನೋಡುತ್ತಾ ಕೂರಬಾರದು, ನೇರ ಸಿಟಿ. ಮಕ್ಕಳಿಗೆ ಬೇರೆಯೇ ನಿಯಮ ಇದೆ. ಅಮೆರಿಕದಲ್ಲಿ 42 ಸಾವಿರಕ್ಕೂ ಜಾಸ್ತಿ ಮಕ್ಕಳನ್ನು ನೋಡಿ 2009ರಲ್ಲಿ ಪ್ರಕಟಿಸಿದ್ದು. ಅದರ ಕಾರ್ಡನ್ನು ಬೇರೆ ಬಣ್ಣದಲ್ಲಿ ಹಾಕಿದೆವು, ಯಾರೂ ಬೆರೆಸಬಾರದು ಎಂದು.

ಜಾಸ್ತಿ ವಾದ ನಡೆದದ್ದು ಬೆನ್ನುನೋವಿನ ಮೇಲೆ. ಹತ್ತಿ ಬಿಡಿಸುವ ಕಾಲದಲ್ಲಿ ದೇವದುರ್ಗ, ಮಾನ್ವಿ ಕಡೆಯಿಂದ ಬೆನ್ನು ಹಿಡಿದುಕೊಂಡು ಬರುವ ಹೆಣ್ಣುಮಕ್ಕಳು ಬಹಳ. ದಿನವಿಡೀ ಬಗ್ಗಿ ಬಿಡಿಸಬೇಕು, ಸೊಂಟಕ್ಕೆ ಕಟ್ಟಿದ ಉಡಿ ತುಂಬಿದಂತೆ ಭಾರ ಜಾಸ್ತಿಯಾಗುತ್ತದೆ. ಹಾಗೆ ಬಂದ ಒಬ್ಬ ಹೆಣ್ಣುಮಗಳ ಕೈಯಲ್ಲಿ ಎಂಆರ್‌ಐ ಚೀಟಿ ಇತ್ತು. ನಾನು ಕೂರಿಸಿ ಕೇಳಿದೆ. "ಎಷ್ಟ್ ದಿನ ಆತವ್ವ ನೋವು?" "ಹದಿನೈದ್ ದಿನ ಆತ್ರೀ." ಕಾಲಿನ ಶಕ್ತಿ ಕಡಿಮೆಯಾಗಿಲ್ಲ, ಮೂತ್ರ ಮಲದ ಹಿಡಿತ ಸರಿ ಇದೆ, ಜ್ವರವಿಲ್ಲ, ತೂಕ ಇಳಿದಿಲ್ಲ. ಇಂಥ ನೋವು ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಮೊದಲ ಆರು ವಾರ ಸ್ಕ್ಯಾನ್ ಬೇಕಿಲ್ಲ ಎಂದು ಮುಖ್ಯ ಮಾರ್ಗಸೂಚಿಗಳು ಹೇಳುತ್ತವೆ. ಮೂಳೆ ವಿಭಾಗದ ಸಹೋದ್ಯೋಗಿಗೆ ಫೋನ್ ಮಾಡಿದೆ. "ನಾನು ಬೇಡ ಅಂದರೆ ಹೊರಗೆ ಹೋಗಿ ಮಾಡಿಸ್ತಾರೆ ಮೇಡಂ" ಎಂದರು. ಅವರು ಹೇಳಿದ್ದೂ ಸುಳ್ಳಲ್ಲ. ಆದರೆ ಮಾಡಿಸಿದರೆ ಏನು ಕಾಣುತ್ತದೆ ಎನ್ನುವುದನ್ನು ಇಬ್ಬರೂ ಮಾತಾಡಿದೆವು. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿದ ಒಂದು ದೊಡ್ಡ ಪರಿಶೀಲನೆ 2015ರಲ್ಲಿ ಬಂದಿದೆ. ನೋವಿಲ್ಲದ 20 ವರ್ಷದವರಲ್ಲೂ ಶೇಕಡಾ 30 ಜನರಿಗೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್ ಉಬ್ಬಿರುತ್ತದೆ, 80ರ ವಯಸ್ಸಿನಲ್ಲಿ ಶೇಕಡಾ 84 ಜನರಿಗೆ. ಈ ಹೆಣ್ಣುಮಗಳ ಎಂಆರ್‌ಐ ತೆಗೆದರೂ ನಾನು ಡಿಸ್ಕ್ ಉಬ್ಬಿದೆ ಎಂದು ಬರೆಯುವ ಸಾಧ್ಯತೆಯೇ ಜಾಸ್ತಿ. ಆಮೇಲೆ ಊರಲ್ಲಿ ಎಲ್ಲರೂ ಡಿಸ್ಕ್ ಹೋಗಿದೆ ಎನ್ನುತ್ತಾರೆ, ಇವರು ಬಗ್ಗುವುದಕ್ಕೇ ಹೆದರುತ್ತಾರೆ, ಕೂಲಿ ಹೋಗುತ್ತದೆ. ಆ ಸಹೋದ್ಯೋಗಿ ಕೆಳಗೆ ಬಂದು ತಾವೇ ಆ ಹೆಣ್ಣುಮಗಳಿಗೆ ತಿಳಿಸಿ ಹೇಳಿದರು. ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು ಎನ್ನುವುದನ್ನೂ ಹೇಳಿ ಮಾತ್ರೆ ಬರೆದುಕೊಟ್ಟರು.

ಬೆನ್ನುನೋವಿನ ಕಾರ್ಡಿನಲ್ಲಿ ಒಂದು ಬದಲಾವಣೆ ನಮ್ಮ ಊರಿಗಾಗಿ ಬೇಕಿತ್ತು. ಹೊರಗಿನ ಪಟ್ಟಿಗಳಲ್ಲಿ ‘ಸೋಂಕಿನ ಅನುಮಾನ’ ಎಂದು ಒಂದೇ ಮಾತು ಇರುತ್ತದೆ. ನಮ್ಮ ಕಡೆ ಟಿಬಿ ಇನ್ನೂ ಹೋಗಿಲ್ಲ, ಅದು ಬೆನ್ನುಮೂಳೆಗೂ ಬರುತ್ತದೆ. ಅದಕ್ಕೆ ಬಿಡಿಸಿ ಬರೆದೆವು: ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದಾಗಲೂ ನೋವು, ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ. ಇದ್ದರೆ ಆರು ವಾರ ಕಾಯುವುದು ಬೇಡ, ಬೇಗ ಎಂಆರ್‌ಐ ಮಾಡಿಸಿ. ಶುರುವಿನಲ್ಲಿ ಎಕ್ಸ್‌ರೇ ನಾರ್ಮಲ್ ಬರಬಹುದು. ಅದನ್ನು ನಂಬಿ ಕೂತರೆ ಬೆನ್ನುಹುರಿ ಒತ್ತಿ ಕಾಲು ಸೋಲುವವರೆಗೆ ಹೋಗುತ್ತದೆ.

ಡೋಸಿನ ವಿಷಯ ಹೇಳದೆ ಇದು ಮುಗಿಯುವುದಿಲ್ಲ. ಭೂಮಿಯಿಂದ, ಆಕಾಶದಿಂದ, ತಿನ್ನುವ ಅನ್ನದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಬರುತ್ತದೆ. ಎದೆಯ ಎಕ್ಸ್‌ರೇಯಲ್ಲಿ ಬರುವುದು 0.1 ಅಥವಾ ಅದಕ್ಕೂ ಕಡಿಮೆ. ತಲೆಯ ಸಿಟಿಗೆ ಸುಮಾರು 2, ಹೊಟ್ಟೆಯ ಸಿಟಿಗೆ ಸುಮಾರು 8. ಅಂದರೆ ಒಂದು ಹೊಟ್ಟೆ ಸಿಟಿ ಮೂರು ವರ್ಷದ ಪಾಲು. ಬೇಕಿಲ್ಲದೆ ಪ್ಲೇನ್ ಒಮ್ಮೆ, ಕಾಂಟ್ರಾಸ್ಟ್ ಒಮ್ಮೆ ಎಂದು ಎರಡು ಸಲ ತೆಗೆದರೆ ಅದೂ ದುಪ್ಪಟ್ಟು. ಅಲ್ಟ್ರಾಸೌಂಡ್, ಎಂಆರ್‌ಐಗಳಲ್ಲಿ ಈ ವಿಕಿರಣ ಇಲ್ಲವೇ ಇಲ್ಲ. ನಮ್ಮಂಥ ಕೆಲಸಗಾರರಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇದೆ, ಎದೆ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಹಾಕಿಕೊಂಡು ಅಳೆಯುತ್ತೇವೆ. ರೋಗಿಗೆ ಅಂಥ ಮಿತಿ ಇಟ್ಟಿಲ್ಲ. ಜೀವ ಉಳಿಸಲು ಎಷ್ಟು ಬೇಕೋ ಅಷ್ಟು ಮಾಡಬೇಕಾಗುತ್ತದೆ, ಅದಕ್ಕೆ. ಹಾಗಾಗಿ ರೋಗಿಯ ಪಾಲಿಗೆ ಇರುವ ಒಂದು ದೊಡ್ಡ ರಕ್ಷಣೆ, ಈ ಸ್ಕ್ಯಾನ್ ನಿಜವಾಗಿ ಬೇಕೇ ಎಂದು ಡಾಕ್ಟರ್ ಯೋಚಿಸುವುದು. ಒಂದು ಸಿಟಿಯಿಂದ ಒಬ್ಬರಿಗೆ ಆಗುವ ಅಪಾಯ ಬಹಳ ಸಣ್ಣದು. ಅದಕ್ಕೆ ಹೆದರಿ ಬೇಕಾದ ಸಿಟಿ ಬಿಡಬಾರದು. ಮಕ್ಕಳ ವಿಷಯದಲ್ಲಿ ಮಾತ್ರ ನಾನು ಎರಡು ಸಲ ಕೇಳುತ್ತೇನೆ. ಬೆಳೆಯುವ ಮೈಗೆ ವಿಕಿರಣದ ತೊಂದರೆ ಜಾಸ್ತಿ, ಮುಂದೆ ಬದುಕುವ ವರ್ಷಗಳೂ ಜಾಸ್ತಿ.

ಈ ಕೆಲಸ ಶುರುಮಾಡಿದಾಗ ಸ್ಕ್ಯಾನ್ ಕಡಿಮೆ ಮಾಡಲು ಹೊರಟಿದ್ದಾರೆ ಎಂದು ಕೆಲವರು ತಿಳಿದರು. ಬೇಕಾದವರಿಗೆ ಬೇಗ ಆಗಬೇಕು ಎನ್ನುವುದೂ ಇದರಲ್ಲೇ ಇದೆ. ಲಕ್ವ ಹೊಡೆದವರನ್ನೇ ನೋಡಿ. ಮಿದುಳಿನ ರಕ್ತನಾಳ ಕಟ್ಟಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ನಾಲ್ಕೂವರೆ ತಾಸು. ಕೊಡುವ ಮೊದಲು ತಲೆಯೊಳಗೆ ರಕ್ತಸ್ರಾವ ಇಲ್ಲ ಎಂದು ಸಿಟಿ ತೋರಿಸಬೇಕು. ಲಿಂಗಸುಗೂರು, ಸಿಂಧನೂರಿನಿಂದ ಬರುವವರಿಗೆ ದಾರಿಯಲ್ಲೇ ಎಷ್ಟೋ ಹೊತ್ತು ಹೋಗಿರುತ್ತದೆ. ಇಲ್ಲಿ ಬಂದು ಸ್ಕ್ಯಾನ್ ರೂಮಿನ ಹೊರಗೆ ಸಾಲಿನಲ್ಲಿ ಕೂರಿಸಿದರೆ ಉಳಿದದ್ದೂ ಹೋಯಿತು. ಹೊಸ ಚೀಟಿಯಲ್ಲಿ ‘ಕೊನೆಯ ಸಲ ಚೆನ್ನಾಗಿದ್ದದ್ದು ಯಾವಾಗ’ ಎಂಬ ಸಾಲನ್ನು ಲಕ್ವದ ರೋಗಿಗಳಿಗಾಗಿಯೇ ಇಟ್ಟೆವು. ಮುಂಜಾನೆ ಆರಕ್ಕೆ ಎದ್ದಾಗ ಕೈ ಬಿದ್ದಿತ್ತು ಎಂದು ಮಗ ಹೇಳುತ್ತಾನೆ, ಇಂಟರ್ನ್ ಆರು ಗಂಟೆ ಎಂದು ಬರೆಯುತ್ತಾರೆ. ಕೆದಕಿ ಕೇಳಿದರೆ "ರಾತ್ರಿ ಹತ್ತಕ್ಕ ಊಟ ಮಾಡಿ ಮಲಗೂತನ ಚೊಲೋ ಇದ್ರು ರೀ" ಅನ್ನುತ್ತಾನೆ. ಗಡಿಯಾರ ಶುರುವಾಗುವುದು ಆ ಹತ್ತು ಗಂಟೆಯಿಂದ. ಆ ಒಂದು ಉತ್ತರದ ಮೇಲೆ ಚಿಕಿತ್ಸೆಯ ದಾರಿ, ಮುಂದೆ ಯಾವ ಸ್ಕ್ಯಾನ್ ಎನ್ನುವುದು ಎಲ್ಲವೂ ಬದಲಾಗುತ್ತದೆ. ಈಗ ಇಂಥವರಿಗೆ ಕ್ಯಾಜುವಾಲಿಟಿಯಿಂದ ಮೊದಲು ಫೋನ್ ಬರುತ್ತದೆ, ಟೇಬಲ್ ಖಾಲಿ ಮಾಡಿಟ್ಟಿರುತ್ತೇವೆ, ಚೀಟಿ ಹಿಂದಿನಿಂದ ಬರುತ್ತದೆ.

ಮಾತುಕತೆಯಲ್ಲಿ ನಮ್ಮ ಕಡೆಗೂ ಒಂದು ಪ್ರಶ್ನೆ ಬಂತು. ಮೆಡಿಸಿನ್ ವಿಭಾಗದ ಮೇಡಂ ಒಬ್ಬರು ಕೇಳಿದರು: ನಾವು ಇಷ್ಟೆಲ್ಲ ಬರೆದುಕೊಟ್ಟರೆ ನೀವು ಏನು ಕೊಡುತ್ತೀರಿ? ರಿಪೋರ್ಟ್‌ನಲ್ಲಿ ಒಂದು ಪುಟ ವರ್ಣನೆ, ಕೊನೆಗೆ ಲಕ್ಷಣಗಳ ಜೊತೆ ಹೋಲಿಸಿ ನೋಡಿ ಎಂಬ ಸಾಲು ಇದ್ದರೆ ನಮಗೇನು ತಿಳಿಯಿತು? ಬಹಳ ನ್ಯಾಯವಾದ ಮಾತು. ಅಂದಿನಿಂದ ನಾವು ರಿಪೋರ್ಟಿನ ಕೊನೆಯ ಭಾಗವನ್ನು ಅವರ ಪ್ರಶ್ನೆಯಿಂದಲೇ ಶುರುಮಾಡುತ್ತೇವೆ. ‘ಅಪೆಂಡಿಕ್ಸ್ ಊದಿದೆಯೇ ಎಂದು ಕೇಳಿದ್ದೀರಿ. ಊದಿಲ್ಲ. ನೋವಿಗೆ ಕಾರಣ ಬಲ ಮೂತ್ರನಾಳದ ಕಲ್ಲು ಇರಬಹುದು.’ ಇಷ್ಟು. ಇದನ್ನು ಕಂಡ ಮೇಲೆ ಚೀಟಿ ಬರೆಯುವ ಮಕ್ಕಳಿಗೆ ಹುರುಪು ಬಂತು. ತಾನು ಕೇಳಿದ್ದಕ್ಕೆ ಉತ್ತರ ಬಂದಿದೆ ಎಂದು ಫೋನ್ ಮಾಡಿ ಚಿತ್ರ ನೋಡಲು ಬರುವವರೂ ಇದ್ದಾರೆ. ಮಾನಿಟರ್ ಮುಂದೆ ಕೂರಿಸಿ ತೋರಿಸುತ್ತೇನೆ. ನನ್ನ ಮಟ್ಟಿಗೆ ಗೋಡೆ ಮೇಲಿನ ಕಾರ್ಡುಗಳಿಗಿಂತ ಈ ಕೂರಿಸಿ ತೋರಿಸುವುದೇ ಹೆಚ್ಚು ಕೆಲಸ ಮಾಡಿದೆ.

ರೋಗಿಗಳಿಗೂ, ಅವರ ಮನೆಯವರಿಗೂ ನಾಲ್ಕು ಮಾತು. ಸ್ಕ್ಯಾನಿಗೆ ಬರುವಾಗ ಹಳೆಯ ಫಿಲ್ಮು, ರಿಪೋರ್ಟು, ಸಿಡಿ ಎಲ್ಲ ತನ್ನಿ. "ಮೊನ್ನಿ ಸಿಂಧನೂರಾಗ ಮಾಡ್ಸೇವ್ರಿ, ಅದು ಮನ್ಯಾಗ ಐತ್ರಿ" ಎಂದರೆ ನಾನು ಹೋಲಿಸಿ ನೋಡುವುದು ಹೇಗೆ? ಗಡ್ಡೆ ಬೆಳೆದಿದೆಯೋ ಇಲ್ಲವೋ ಎಂದು ಹೇಳಲು ಹಳೆಯದು ಬೇಕೇ ಬೇಕು. ಎಷ್ಟೋ ಸಲ ಹಳೆಯದನ್ನು ನೋಡಿದರೆ ಹೊಸದು ಮಾಡುವುದೇ ಬೇಕಾಗುವುದಿಲ್ಲ, ದುಡ್ಡೂ ಉಳಿಯುತ್ತದೆ. ಫಿಲ್ಮಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ಅದರಲ್ಲಿ ಸಣ್ಣ ವಿವರ ಕಾಣುವುದಿಲ್ಲ, ಮೂಲವನ್ನೇ ತನ್ನಿ. ಮುಟ್ಟು ತಪ್ಪಿದ್ದರೆ ಕೇಳುವ ಮೊದಲೇ ಹೇಳಿ, ಹೇಳಲು ನಾಚಿಕೆಯಾದರೆ ನರ್ಸಮ್ಮನ ಕಿವಿಯಲ್ಲಿ ಹೇಳಿ. ಶುಗರ್ ಮಾತ್ರೆ, ಕಿಡ್ನಿ ತೊಂದರೆ, ಹಿಂದೆ ಕಾಂಟ್ರಾಸ್ಟ್ ಕೊಟ್ಟಾಗ ಮೈ ತುರಿಸಿದ್ದು, ಉಸಿರು ಕಟ್ಟಿದ್ದು, ಎಲ್ಲವೂ ನಮಗೆ ಬೇಕು. ಎದೆಯಲ್ಲಿ ಪೇಸ್‌ಮೇಕರ್, ತಲೆಯಲ್ಲಿ ಕ್ಲಿಪ್, ಕಣ್ಣಿನಲ್ಲಿ ಕಬ್ಬಿಣದ ಚೂರು ಹೋಗಿದ್ದರೆ ಎಂಆರ್‌ಐ ಬಾಗಿಲು ದಾಟುವ ಮೊದಲು ಹೇಳಲೇಬೇಕು. ವೆಲ್ಡಿಂಗ್, ಗ್ರೈಂಡಿಂಗ್ ಕೆಲಸ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ. ಮತ್ತೆ ಡಾಕ್ಟರನ್ನು ಧೈರ್ಯವಾಗಿ ಕೇಳಿ: ಈ ಸ್ಕ್ಯಾನಿನಿಂದ ಏನು ತಿಳಿಯುತ್ತದೆ, ತಿಳಿದ ಮೇಲೆ ನನ್ನ ಔಷಧ ಬದಲಾಗುತ್ತದಾ? ಒಳ್ಳೆಯ ಡಾಕ್ಟರ್ ಯಾರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಈಗಲೂ ಎಲ್ಲ ಚೀಟಿಗಳು ತುಂಬಿ ಬರುತ್ತಿಲ್ಲ. ಹಗಲಿನವು ಚೆನ್ನಾಗಿವೆ, ರಾತ್ರಿಯವು ಇನ್ನೂ ಸುಧಾರಿಸಬೇಕು. ಇಂಟರ್ನ್‌ಗಳು ವಿಭಾಗದಿಂದ ವಿಭಾಗಕ್ಕೆ ಹೋಗುತ್ತಿರುತ್ತಾರೆ, ವರ್ಷ ಮುಗಿದರೆ ಹೊಸಬರು ಬರುತ್ತಾರೆ. ಕಲಿಸಿದ್ದನ್ನು ಮತ್ತೆ ಕಲಿಸಬೇಕು. ಅದಕ್ಕೆ ಹೊಸ ಬ್ಯಾಚ್ ಬಂದ ಕೂಡಲೇ ಒಂದು ಮಧ್ಯಾಹ್ನ ಅವರನ್ನು ನಮ್ಮ ವಿಭಾಗದಲ್ಲಿ ಕೂರಿಸುವ ಪದ್ಧತಿ ಮಾಡಿದ್ದೇವೆ. ಹೆಸರು ಮುಚ್ಚಿದ ಹಳೆಯ ಚೀಟಿಗಳನ್ನು ಅವರ ಕೈಗೆ ಕೊಟ್ಟು, ಇದನ್ನು ನೋಡಿ ನೀವೇ ರಿಪೋರ್ಟ್ ಮಾಡಬೇಕಾದರೆ ಏನೇನು ಕೇಳುತ್ತೀರಿ ಎಂದು ಕೇಳುತ್ತೇವೆ. ಪ್ರಶ್ನೆಗಳು ಅವರಿಂದಲೇ ಬರುತ್ತವೆ. ತಾಲೂಕು ಆಸ್ಪತ್ರೆಗಳಿಂದ ಬರುವ ರೋಗಿಗಳ ಚೀಟಿ ನಮ್ಮ ಕೈಯಲ್ಲಿ ಇಲ್ಲ. ಅಲ್ಲಿನ ಡಾಕ್ಟರುಗಳಿಗೆ ನಮ್ಮ ಅರ್ಧ ಹಾಳೆಯ ನಮೂನೆಯನ್ನೂ, ಸ್ಕ್ಯಾನ್ ರೂಮಿನ ಫೋನ್ ನಂಬರನ್ನೂ ಕಳಿಸಿದ್ದೇವೆ. ಕೆಲವರು ರೋಗಿಯನ್ನು ಆಂಬುಲೆನ್ಸಿಗೆ ಹತ್ತಿಸುವ ಮೊದಲು ಫೋನ್ ಮಾಡಲು ಶುರುಮಾಡಿದ್ದಾರೆ. ಉಳಿದವರನ್ನು ನಾವೇ ಒಬ್ಬೊಬ್ಬರಾಗಿ ಮಾತಾಡಿಸುತ್ತಿದ್ದೇವೆ.